ಹಾರ್ನ್‌ಗೆ ಓಡದವಳು

ಪೀಂ… ಪೀಂ… ಪೀಈಈಂ!

ವೆಲಿಟಾ ಕೈಯಲ್ಲಿದ್ದ ಮಾತ್ರೆಗಳ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದಳು.

ಗಾಜಿನ ಬಾಗಿಲಿನಾಚೆ ಒಂದು ಬಿಳಿ ಪಿಕಪ್ ಎಂಜಿನ್ ಆರಿಸದೆ ನಿಂತಿತ್ತು. ಹಿಂದೆ ಸೌತೆಕಾಯಿಯ ಪೆಟ್ಟಿಗೆಗಳು. ಸ್ಟೀರಿಂಗ್ ಹಿಡಿದವನು ಕಿಟಕಿಯಿಂದ ಮೊಣಕೈ ಹೊರಗಿಟ್ಟು ಕೂತಿದ್ದ. ಅವಳು ತನ್ನ ಕಡೆ ನೋಡಿದ್ದೇ ತಡ, ಎರಡು ಬೆರಳು ಮಡಚಿ 'ಬಾ ಬಾ' ಎಂದು ಸನ್ನೆ ಮಾಡಿದ. ಆಮೇಲೆ ಮತ್ತೆ ಹಾರ್ನ್!

ಬೆರಳಲ್ಲಿ ಕರೆಯುತ್ತಾನಂತೆ! ಬಿ.ಫಾರ್ಮ್ ಓದಿ, ಕುವೈತಿನ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ ಬಂದವಳನ್ನು ಕೋಳಿ ಕರೆದ ಹಾಗೆ! ನೀವೇ ಹೇಳಿ, ಮೈ ಉರಿಯುವುದಿಲ್ಲವೇ?

ಬಾಗಿಲು ದೂಡಿಕೊಂಡು ಹೊರಗೆ ಬಂದಳು.

"ಕ್ಯಾ ಚಾಹಿಯೇ?"

"ಓಆರ್‌ಎಸ್. ಏಕ್ ಡಬ್ಬಾ. ಜಲ್ದಿ, ಯಲ್ಲಾ!"

"ಪೈರ್ ಹೈ ನಾ? ಉತರ್‌ಕೇ ಅಂದರ್ ಆವೋ!" ಕಾಲಿಲ್ಲವೇ, ಇಳಿದು ಒಳಗೆ ಬಾ ಎಂದು ಹಿಂದಿಯಲ್ಲೇ ರೇಗಿದಳು.

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಪಕ್ಕದಲ್ಲಿ ಕೂತಿದ್ದ ಹಿರಿಯ ಕೆಲಸಗಾರನ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಹೇಳಿದ: "ಅಬ್ಬಾ ಮುನಿಸ್ವಾಮಿ, ಈ ಸಲ ಫಾರ್ಮಸಿಗೆ ಮದ್ದು ಬಿಟ್ಟು ಮೆಣಸಿನ ಪುಡಿ ತರಿಸಿದ್ದಾರೆ ಮಾರಾಯ!"

"ಮೆಣಸಿನ ಪುಡಿ ಕಣ್ಣಿಗೆ ಬಿದ್ರೆ ಹೇಗಿರ್ತದೆ ಗೊತ್ತುಂಟಾ?" ವೆಲಿಟಾ ಅದೇ ಕನ್ನಡದಲ್ಲಿ ಗುಡುಗಿದಳು. "ತೋರಿಸ್ಲಾ?"

ಮುನಿಸ್ವಾಮಿ ನಕ್ಕೇಬಿಟ್ಟ. ಡ್ರೈವರನ ಮೊಣಕೈ ತಾನಾಗಿ ಒಳಗೆ ಹೋಯಿತು.

"ನೀವು… ಮಂಗಳೂರು ಕಡೆಯವರಾ?"

"ಯಾವ ಕಡೆಯವಳಾದ್ರೆ ನಿಮಗೆಂತ? ಹಾರ್ನ್ ಹೊಡೆದ್ರೆ ಓಡಿ ಬರುವವಳಲ್ಲ ನಾನು. ಮದ್ದು ಬೇಕಾದ್ರೆ ಇಳಿದು ಬನ್ನಿ, ಮನುಷ್ಯರ ಹಾಗೆ ಕೇಳಿ. ಇಲ್ಲದಿದ್ರೆ ಹೋಗಿ ಸೌತೆಕಾಯಿ ತಿನ್ನಿ!"

ಈಗ ಅವನ ಮುಖವೂ ಕೆಂಪಾಯಿತು.

"ಹೋಗ್ತೇನೆ! ನಿಮ್ಮ ಮದ್ದು ನೀವೇ ಕುಡಿಯಿರಿ!"

ಪಿಕಪ್ ಧೂಳೆಬ್ಬಿಸಿಕೊಂಡು ಹೊರಟೇ ಹೋಯಿತು. ಆ ಧೂಳೆಲ್ಲ ಅವಳ ಬಿಳಿ ಕೋಟಿನ ಮೇಲೆ!

ಪಕ್ಕದ ಬಕಾಲಾದ, ಅಂದರೆ ಕಿರಾಣಿ ಅಂಗಡಿಯ ಬಾಗಿಲಲ್ಲಿ ಅಬ್ದುಲ್ ನಾಸಿರ್ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಉಳ್ಳಾಲದ ಬ್ಯಾರಿ. ಈ ಊರಿಗೆ ಬಂದು ಕೂದಲು ಬೆಳ್ಳಗಾದವನು.

"ಮೇಡಂ, ಹೊಸಬರು ನೀವು. ಇಲ್ಲಿ ಯಾರೂ ಗಾಡಿಯಿಂದ ಇಳಿಯುದಿಲ್ಲ. ಅರಬಿ ಇಳಿಯುದಿಲ್ಲ, ಅವನನ್ನು ನೋಡಿ ನಮ್ಮವನೂ ಇಳಿಯುದಿಲ್ಲ. ಅವರು ಹಾರ್ನ್ ಹೊಡೀತಾರೆ, ನಾವು ಓಡ್ತೇವೆ. ಹಾರ್ನ್ ಕೇಳಿದ್ರೆ ಸಾಕು, ಯಾರಿಗೆ ರೊಟ್ಟಿ ಬೇಕು, ಯಾರಿಗೆ ಸಿಗರೇಟ್ ಬೇಕು ಅಂತ ನನಗೆ ಗೊತ್ತಾಗ್ತದೆ!"

"ನಿಮ್ಮ ಕಾಲು, ನಿಮ್ಮಿಷ್ಟ. ನಾನು ಓಡುದಿಲ್ಲ."

"ಆ ಕ್ಯಾಲ್ವಿನ್ ಒಳ್ಳೆ ಹುಡುಗ ಮೇಡಂ. ದೊಡ್ಡ ತೋಟದ ಸೂಪರ್‌ವೈಸರ್. ಅವನ ಬಗ್ಗೆ ಒಂದು ವಿಷಯ ಹೇಳ್ತೇನೆ ಕೇಳಿ…"

ಪೀಂ! ರಸ್ತೆಯಲ್ಲಿ ಇನ್ನೊಂದು ಗಾಡಿ. ಅಬ್ದುಲ್ ನಾಸಿರ್ ಮಾತನ್ನು ಅರ್ಧಕ್ಕೇ ಬಿಟ್ಟು ಓಡಿದ. ಹೇಳಬೇಕಾಗಿದ್ದ ವಿಷಯ ಅವನಿಗೆ ಮತ್ತೆ ನೆನಪಾಗಲೇ ಇಲ್ಲ.

*

ಕುವೈತ್ ಎಂದರೆ ಬರೀ ಎಣ್ಣೆ, ಎತ್ತರದ ಕಟ್ಟಡ ಎಂದುಕೊಂಡು ಬಂದವಳು ವೆಲಿಟಾ. ಅವಳ ಪಾಲಿಗೆ ಸಿಕ್ಕಿದ್ದು ವಫ್ರಾ! ಸೌದಿ ಗಡಿಗೆ ಹತ್ತಿರ, ತೋಟಗಳ ಊರು. ಯಾವ ಕಡೆ ನೋಡಿದರೂ ಚಪ್ಪಟೆ ನೆಲ. ಧೂಳಿನ ಗಾಳಿ ದೂರದಲ್ಲಿ ಎದ್ದರೆ ಅದು ಬರುವಷ್ಟರಲ್ಲಿ ಒಗೆದ ಬಟ್ಟೆ ತೆಗೆದು, ಮಡಚಿ, ಚಹಾಕ್ಕೂ ಇಡಬಹುದು. ಗಾಳಿಗೆ ಅಡ್ಡವಾಗಿ ಸಾಲು ಮರ, ಅದರ ಹಿಂದೆ ಟೊಮೆಟೊ, ಸೌತೆ, ಬದನೆಯ ಗ್ರೀನ್‌ಹೌಸುಗಳು. ಊರೊಳಗೆ ಒಂದೇ ದೊಡ್ಡ ರಸ್ತೆ. ಬೆಳಿಗ್ಗೆ ತರಕಾರಿ ಗಾಡಿಗಳು ಮಾರ್ಕೆಟಿಗೆ ಹೋಗುತ್ತವೆ, ಮಧ್ಯಾಹ್ನ ಖಾಲಿ ಪೆಟ್ಟಿಗೆ ಹೊತ್ತು ಬರುತ್ತವೆ. ಅಷ್ಟೇ ಊರು.

ಮರುದಿನ ಅದೇ ಬಿಳಿ ಪಿಕಪ್ ಬಂತು. ಹಾರ್ನ್ ಇಲ್ಲ! ಎಂಜಿನ್ ಆರಿತು. ಕ್ಯಾಲ್ವಿನ್ ಇಳಿದ. ಬಾಗಿಲಲ್ಲಿ ಬೂಟಿನ ಮಣ್ಣನ್ನು ಬೇಕೆಂದೇ ಜೋರಾಗಿ ಝಾಡಿಸಿ ಒಳಗೆ ಬಂದ.

"ಇಳಿದಿದ್ದೇನೆ. ಓಆರ್‌ಎಸ್."

"'ಕೊಡಿ' ಅಂತ ಒಂದು ಶಬ್ದ ಉಂಟು ಕನ್ನಡದಲ್ಲಿ."

"ಕೊ… ಡಿ."

ಅವಳ ಎದೆಯ ಮೇಲಿದ್ದ ಹೆಸರಿನ ಪಟ್ಟಿ ಅವನ ಕಣ್ಣಿಗೆ ಬಿತ್ತು. ವೆಲಿಟಾ ಪಿಂಟೊ. ಅರೆ, ನಮ್ಮವಳೇ! ಇಬ್ಬರ ಮನೆಮಾತೂ ಕೊಂಕಣಿ. ಆದರೆ ಏನು ಮಾಡುವುದು, ಮೊದಲ ಜಗಳ ಕನ್ನಡದಲ್ಲಿ ಆಗಿಹೋಗಿತ್ತು. ಈಗ ಯಾರು ಮೊದಲು ಕೊಂಕಣಿಗೆ ಇಳಿದರೂ ಅವರು ಸೋತಂತೆ ಎಂದು ಇಬ್ಬರಿಗೂ ಹಠ.

ಹಾಗಾಗಿ ಜಗಳ ಕನ್ನಡದಲ್ಲೇ ಮುಂದುವರಿಯಿತು.

ಔಷಧಿ ಸಿಂಪಡಿಸಿದ ಕೆಲಸಗಾರರು ಕಣ್ಣುರಿ ಎಂದು ಬಂದಾಗ ಅವಳು ಕ್ಯಾಲ್ವಿನ್‌ನನ್ನು ನಿಲ್ಲಿಸಿ ಬೈದಳು. "ಮಾಸ್ಕ್ ಕೊಡದೆ ಸ್ಪ್ರೇ ಮಾಡಿಸ್ತೀರಲ್ಲ, ಅವರ ಕಣ್ಣೇನು ಬದನೆಕಾಯಿಯಾ?"

"ತೋಟದ ಧಣಿ, ಆ ಕಫೀಲ್, ತರಿಸುದಿಲ್ಲ. ನಾನೆಂತ ಮಾಡ್ಲಿ?"

"ಕಫೀಲ್‌ಗೆ ಹೇಳ್ಲಿಕ್ಕೆ ನಾಲಿಗೆ ಇಲ್ವಾ? ನನ್ನ ಹತ್ರ ಮಾತ್ರ ಉಂಟಾ?"

ಮುಂದಿನ ವಾರ ಎಲ್ಲ ಕೆಲಸಗಾರರ ಮುಖದ ಮೇಲೂ ಮಾಸ್ಕ್! ಅದನ್ನು ಹೇಳಲಿಕ್ಕೇ ಕ್ಯಾಲ್ವಿನ್ ಬಂದ, ಬಂದು ಹೇಳದೆ ನಿಂತ. ಕೌಂಟರಿನ ಮೇಲೆ ಎಳೆ ಸೌತೆಕಾಯಿಯ ಚೀಲ ಇಟ್ಟ.

"ಇದೆಂತ?"

"ಸೌತೆಕಾಯಿ. ನೀವೇ ಹೇಳಿದ್ರಲ್ಲ, ತಿನ್ನಿ ಅಂತ. ಒಬ್ಬನಿಗೆ ಮುಗಿಯುದಿಲ್ಲ."

ಅವನು ಹೋದ ಮೇಲೆ ವೆಲಿಟಾ ಒಂದು ಸೌತೆಕಾಯಿ ಕಚ್ಚಿದಳು. 'ಸೊಕ್ಕು ನೋಡು ಅವನದ್ದು!' ಎಂದುಕೊಂಡಳು. ತುಟಿಯಲ್ಲಿ ನಗು ಇತ್ತು, ಅವಳಿಗೇ ಗೊತ್ತಿರಲಿಲ್ಲ.

*

ಶುಕ್ರವಾರ ತೋಟದ ವ್ಯಾನು ಸಿಟಿಯ ಇಗರ್ಜಿಗೆ ಹೊರಡುತ್ತಿತ್ತು. ಇಲ್ಲಿ ಭಾನುವಾರ ಕೆಲಸ, ಹಾಗಾಗಿ ಶುಕ್ರವಾರವೇ ಪೂಜೆ. ಕ್ಯಾಲ್ವಿನ್ ಡ್ರೈವರ್. ವೆಲಿಟಾಳ ಜೊತೆ ಒಂದೇ ಫ್ಲ್ಯಾಟಿನಲ್ಲಿರುವ ವೈಲೆಟ್ ಆಂಟಿ ಮುಂದಿನ ಸೀಟು. ಆಂಟಿ ಊರಿನ ಕ್ಲಿನಿಕ್ಕಿನಲ್ಲಿ ನರ್ಸ್. ಬೇಕೆಂದೇ ಮಂಡಿನೋವಿನ ನೆಪ ಹೇಳಿ ಒಂದು ದಿನ ಹಿಂದಿನ ಸೀಟಿಗೆ ಹೋದರು. ವೆಲಿಟಾ ಮುಂದೆ ಬರಬೇಕಾಯಿತು.

ಆ ದಿನ ಪೂಜೆ ಮುಗಿಸಿ, ಫರ್ವಾನಿಯಾದಲ್ಲಿ ಕೋರಿ ರೊಟ್ಟಿ, ಒಣಮೀನು ಕೊಂಡು, ಒಂದು ಚಹಾ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದ್ದರು. ಸಾಲಾಗಿ ನಿಂತ ಕಾರುಗಳು. ಎಲ್ಲದರಿಂದಲೂ ಹಾರ್ನ್! ಬೆವರಿಳಿಯುತ್ತಿದ್ದ ಒಬ್ಬ ಬಂಗಾಳಿ ಮುದುಕ ಕಪ್ಪುಗಳನ್ನು ಹಿಡಿದು ಈ ಕಾರಿಂದ ಆ ಕಾರಿಗೆ ಓಡುತ್ತಿದ್ದ.

ವೆಲಿಟಾಳ ಮುಖ ಬಿಗಿಯಿತು. ಕ್ಯಾಲ್ವಿನ್ ನೋಡಿದ. ಇಳಿದು ಹೋಗಿ, ತಾನೇ ಎಲ್ಲರಿಗೂ ಚಹಾ ತಂದು ಕೊಟ್ಟ. ಆಮೇಲೆ ಕೇಳಿದ.

"ಹಾರ್ನ್ ಅಂದ್ರೆ ಯಾಕೆ ನಿಮಗೆ ಅಷ್ಟು ಕೋಪ?"

ಅವಳು ರಸ್ತೆಯ ಕಡೆ ನೋಡುತ್ತಲೇ ಹೇಳಿದಳು.

"ನನ್ನ ಪಪ್ಪ ಬೆಂದೂರಿನ ಒಂದು ಬಂಗಲೆಯಲ್ಲಿ ಗೇಟ್ ಕಾಯ್ತಿದ್ರು. ಗೇಟಿನ ಪಕ್ಕದ ರೂಮಲ್ಲೇ ನಮ್ಮ ಮನೆ. ಪಪ್ಪ ಊಟಕ್ಕೆ ಕೂತಾಗಲೇ ಕಾರು ಬರುದು. ಪೀಂ ಅಂದ ತಕ್ಷಣ ಎದ್ದು ಓಡುದು… ಕೈಯಲ್ಲಿ ಅನ್ನ ಹಾಗೇ ಇರ್ತಿತ್ತು. ಎಂಜಲು ಕೈ ಕಾಣಬಾರ್ದು ಅಂತ ಬಲಗೈ ಬೆನ್ನ ಹಿಂದೆ ಅಡಗಿಸಿ, ಎಡಗೈಯಲ್ಲಿ ಗೇಟ್ ತೆಗೀತಿದ್ರು. ಕಾರಿನವರು ಒಂದು ದಿನ, ಒಂದೇ ಒಂದು ದಿನ, ಪಪ್ಪನ ಮುಖ ನೋಡಿದ್ದಿಲ್ಲ. ವಾಪಸ್ ಬರುವಾಗ ಗಂಜಿ ತಣ್ಣಗಾಗಿರ್ತಿತ್ತು. ಪಪ್ಪನ ಷರ್ಟ್ ಹಿಡಿದು ಕೂರಿಸ್ಬೇಕು, ಊಟ ಮುಗಿಯುವವರೆಗೆ ಏಳ್ಬೇಡಿ ಅಂತ ಹೇಳ್ಬೇಕು ಅಂತ ನನಗೆ ಎಷ್ಟು ಸಲ ಅನ್ನಿಸ್ತಿತ್ತು ಗೊತ್ತುಂಟಾ? ಧೈರ್ಯ ಬರ್ಲಿಲ್ಲ. ಈಗ ಪಪ್ಪನೇ ಇಲ್ಲ."

ಕ್ಯಾಲ್ವಿನ್ ಏನೂ ಅನ್ನಲಿಲ್ಲ. ಅದೇ ಒಳ್ಳೆಯದಾಯಿತು. ಏನಾದರೂ ಅಂದಿದ್ದರೆ ಅವಳು ಅಳುತ್ತಿದ್ದಳು, ಅತ್ತಿದ್ದಕ್ಕೆ ಮತ್ತೆ ಅವನಿಗೇ ಬೈಯುತ್ತಿದ್ದಳು.

ವಾಪಸ್ ಬರುವಾಗ ವಫ್ರಾ ರಸ್ತೆಯಲ್ಲಿ ಒಂಟೆಗಳ ಹಿಂಡೊಂದು ಅಡ್ಡ ಬಂತು. ಯಾರಾದರೂ ಹಾರ್ನ್ ಹೊಡೆಯುತ್ತಾರೆ ತಾನೇ? ಕ್ಯಾಲ್ವಿನ್ ಕೈಕಟ್ಟಿ ಕೂತ. ಕೊನೆಯ ಒಂಟೆ ಆರಾಮಾಗಿ ರಸ್ತೆ ದಾಟುವವರೆಗೂ ಕಾದ.

"ಈ ಹುಡುಗನಿಗೆಂತ ಆಯ್ತು!" ವೈಲೆಟ್ ಆಂಟಿ ಹಿಂದಿನಿಂದ ಗೊಣಗಿದರು.

ವೆಲಿಟಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಎದೆಯೊಳಗೆ ಏನೋ ಮೆಲ್ಲಗೆ ಸಡಿಲವಾಗಿತ್ತು. 'ಇವನು ಬೇರೆ… ಇವನು ಆ ಕಾರಿನವರ ಹಾಗಲ್ಲ…'

ಆ ದಿನದಿಂದ 'ನೀವು' ಹೋಗಿ 'ನೀನು' ಬಂತು.

*

ಜೂನ್ ಬಂತು. ಬಾಗಿಲು ತೆರೆದರೆ ಮುಖಕ್ಕೆ ಹಬೆ ಹೊಡೆಯುವ ಬಿಸಿಲು. ಒಂದು ಸಂಜೆ ಅಬ್ದುಲ್ ನಾಸಿರ್ ನೋವಿನ ಮುಲಾಮಿಗೆ ಬಂದ. ಕಾಲು ನೋವು, ಮತ್ತಿನ್ನೇನು!

"ನಿಮ್ಮ ಕ್ಯಾಲ್ವಿನ್ ನಿನ್ನೆ ಎಂತ ಹೇಳಿದ ಗೊತ್ತುಂಟಾ ಮೇಡಂ?" ಕಣ್ಣು ಮಿಟುಕಿಸಿದ. "'ನಾನು ಒಂದು ಹಾರ್ನ್ ಹೊಡೆದ್ರೆ ಸಾಕು ನಾಸಿರ್ ಭಾಯಿ, ವೆಲಿಟಾ ಎಲ್ಲ ಬಿಟ್ಟು ಓಡಿ ಬರ್ತಾಳೆ' ಅಂದ! ನಾನು ಬಿಡ್ತೇನಾ? 'ಬೆಟ್ ಕಟ್ತೀಯಾ?' ಅಂತ ಕೇಳಿದೆ. ಅದಕ್ಕವನು…"

ಪೀಂ! ಪೀಂ!

"ಬಂದೆ, ಬಂದೆ!" ಅಬ್ದುಲ್ ನಾಸಿರ್ ಮುಲಾಮನ್ನು ಕೌಂಟರಿನ ಮೇಲೇ ಬಿಟ್ಟು ಓಡಿದ.

ವೆಲಿಟಾ ಕಲ್ಲಿನಂತೆ ನಿಂತಳು.

ಬೆಟ್! ತನ್ನ ಮೇಲೆ! ಬಕಾಲಾದ ಮುಂದೆ ನಿಂತು, ಚಹಾ ಕುಡಿಯುತ್ತಾ, ನಗುತ್ತಾ!

'ಪಪ್ಪನ ವಿಷಯ ಹೇಳಿದ್ದೆನಲ್ಲ ಅವನಿಗೆ… ಯಾರಿಗೂ ಹೇಳದ್ದನ್ನು! ಎಲ್ಲ ಗೊತ್ತಿದ್ದೂ! ಇಳಿದು ಇಳಿದು ಬಂದದ್ದು ಇದಕ್ಕಾ? ಒಂದು ದಿನ ನನ್ನನ್ನು ಓಡಿಸಲಿಕ್ಕಾ?'

ರಾತ್ರಿ ಊಟ ಸೇರಲಿಲ್ಲ. ವೈಲೆಟ್ ಆಂಟಿ ಕೇಳಿದ್ದಕ್ಕೆ "ಹಸಿವಿಲ್ಲ" ಎಂದು ರೇಗಿದಳು. ಅವನ ಫೋನ್ ಬಂದರೆ ತೆಗೆಯಲಿಲ್ಲ.

ಮರುದಿನ ಮಧ್ಯಾಹ್ನ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಪೀಈಈಈಈಂ!

ಗಾಜಿನಾಚೆ ಬಿಳಿ ಪಿಕಪ್. ಸ್ಟೀರಿಂಗ್ ಹಿಂದೆ ಕ್ಯಾಲ್ವಿನ್. ಅವಳ ಕಡೆಗೇ ನೋಡುತ್ತಾ ಹಾರ್ನ್ ಒತ್ತಿ ಹಿಡಿದಿದ್ದ.

ಅವಳ ನೆತ್ತಿಗೆ ರಕ್ತ ಏರಿತು. 'ಓಹೋ! ಬೆಟ್ ಗೆಲ್ಲಲಿಕ್ಕೆ ಬಂದೆಯಾ? ಒತ್ತು! ಬ್ಯಾಟರಿ ಮುಗಿಯುವವರೆಗೆ ಒತ್ತು!'

ಎರಡೂ ಕೈ ಎದೆಗೆ ಕಟ್ಟಿ ಗಾಜಿನ ಹಿಂದೆ ನಿಂತಳು. ಅವನ ಕಣ್ಣಿಗೆ ಕಣ್ಣು ಕೊಟ್ಟು, ಬೇಕೆಂದೇ, ನಿಧಾನವಾಗಿ ತಲೆ ಅಲ್ಲಾಡಿಸಿದಳು. ಬರಲ್ಲ.

ಅವನು ಬಾಯಿ ತೆರೆದು ಏನೋ ಕೂಗಿದ. ಎಸಿಯ ಸದ್ದಿನಲ್ಲಿ ಕೇಳಲಿಲ್ಲ. ಅಷ್ಟರಲ್ಲಿ ಬಕಾಲಾದಿಂದ ಅಬ್ದುಲ್ ನಾಸಿರ್ ಓಡಿ ಬಂದ. ಕಿಟಕಿಯೊಳಗೆ ಇಣುಕಿದವನೇ "ಯಾ ಅಲ್ಲಾಹ್!" ಎಂದು ತಲೆಗೆ ಕೈ ಹೊತ್ತ. ವಾಪಸ್ ಓಡಿ ಐಸಿನ ಚೀಲ ತಂದು, ಪಿಕಪ್ಪಿನ ಆಚೆ ಬಾಗಿಲು ತೆರೆದು ಒಳಗೆ ನುಗ್ಗಿದ.

ಆಗ ಕಂಡಿತು ಅವಳಿಗೆ.

ಕ್ಯಾಲ್ವಿನ್‌ನ ಭುಜಕ್ಕೆ ಒರಗಿದ್ದ ಒಂದು ತಲೆ. ಮುನಿಸ್ವಾಮಿ! ಕಣ್ಣು ಮೇಲಾಗಿತ್ತು, ಕತ್ತು ಜೋಲುತ್ತಿತ್ತು. ಕ್ಯಾಲ್ವಿನ್ ಒಂದು ಕೈಯಲ್ಲಿ ಅವನನ್ನು ಅವಚಿ ಹಿಡಿದಿದ್ದ. ಬಿಟ್ಟರೆ ಮನುಷ್ಯ ಕೆಳಗೆ ಜಾರುತ್ತಿದ್ದ.

"ದೇವರೇ!"

ವೆಲಿಟಾ ಬಾಗಿಲು ತಳ್ಳಿ ಓಡಿದಳು. ಹೌದು, ಓಡಿದಳು! ಆದರೆ ಪಿಕಪ್ ಆಗಲೇ ಕ್ಲಿನಿಕ್ಕಿನ ಕಡೆ ಹೋಗಿಯಾಗಿತ್ತು. ಅವಳ ಮುಂದೆ ಇದ್ದದ್ದು ಬರೀ ಧೂಳು.

*

ಮುನಿಸ್ವಾಮಿ ಬದುಕಿದ. ಗ್ರೀನ್‌ಹೌಸಿನ ಬಿಸಿಗೆ ಬಿದ್ದಿದ್ದ. ಕ್ಲಿನಿಕ್ಕಿನಲ್ಲಿ ವೈಲೆಟ್ ಆಂಟಿಯೇ ಐಸ್ ಇಟ್ಟು, ಡ್ರಿಪ್ ಹಾಕಿ, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಸಂಜೆ ಕ್ಯಾಲ್ವಿನ್ ಫಾರ್ಮಸಿಗೆ ಬಂದ. ಬಾಗಿಲಲ್ಲಿ ಬೂಟು ಝಾಡಿಸಲಿಲ್ಲ.

"ಇಳಿದು ಬಂದಿದ್ದೇನೆ ಮೇಡಂ. ಮನುಷ್ಯರ ಹಾಗೆ."

ಆ 'ಮೇಡಂ' ಅವಳ ಎದೆಗೆ ನಾಟಿತು. ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಅವನು ಬಿಡಲಿಲ್ಲ.

"ಅವನ ಉಸಿರು ಹೋಗ್ತಾ ಉಂಟಾ ಬರ್ತಾ ಉಂಟಾ ಅಂತ ನನಗೆ ಗೊತ್ತಾಗ್ತಿರ್ಲಿಲ್ಲ! ನೀನು ನೋಡಿದ್ರೆ ಗೊತ್ತಾಗ್ತದೆ, ನೀನು ಹಿಡ್ಕೊಂಡ್ರೆ ನಾನು ಗಾಡಿ ಓಡಿಸ್ಬಹುದು ಅಂತ ಬಂದೆ. ನೀನು ಕೈಕಟ್ಟಿ ನಿಂತು ತಲೆ ಅಲ್ಲಾಡಿಸಿದೆ! ಅವನು ಸತ್ತಿದ್ರೆ?"

ಕೋಪ ಬಂದವರಿಗೆ ತಪ್ಪು ಒಪ್ಪಿಕೊಳ್ಳುವುದು ಕಷ್ಟ. ಅವಳ ಬಾಯಿಂದ ಬಂದದ್ದೇ ಬೇರೆ.

"ನೀನು ಬೆಟ್ ಕಟ್ಟಿದ್ದೆಯಲ್ಲ! ನನ್ನನ್ನು ಹಾರ್ನ್‌ಗೆ ಓಡಿಸ್ತೇನೆ ಅಂತ ಇಡೀ ಊರಿಗೆ ಹೇಳಿಕೊಂಡು ಬಂದಿದ್ದೆಯಲ್ಲ! ನನಗೆ ಹೇಗೆ ಗೊತ್ತಾಗ್ಬೇಕು?"

ಅವನು ಅವಳನ್ನೇ ನೋಡಿದ. ಮುಖದಲ್ಲಿ ಕೋಪಕ್ಕಿಂತ ಕೆಟ್ಟದ್ದೇನೋ ಬಂತು.

"ನಾನು ಅಂಥವನು ಅಂತ ನಂಬಿದೆಯಾ?" ಅವನು ಬಾಗಿಲಿನ ಕಡೆ ತಿರುಗಿದ. "ಖಲಾಸ್ ವೆಲಿಟಾ. ಇನ್ನು ನಾನು ಹಾರ್ನ್ ಹೊಡೆಯುದಿಲ್ಲ. ಇಳಿದೂ ಬರುದಿಲ್ಲ."

ಅವನು ಹೋದ. ಅವಳು ಕೌಂಟರಿನ ಹಿಂದೆ ಕುಳಿತು, ಅಳು ಬರುತ್ತಿದ್ದರೂ ಹಲ್ಲು ಕಚ್ಚಿ, ಇದ್ದಬದ್ದ ಡಬ್ಬಿಗಳನ್ನೆಲ್ಲ ತೆಗೆದು ಮತ್ತೆ ಜೋಡಿಸಿದಳು.

ಮುನಿಸ್ವಾಮಿಯನ್ನು ನೋಡಲು ವೈಲೆಟ್ ಆಂಟಿಯ ಜೊತೆ ಆಸ್ಪತ್ರೆಗೆ ಹೋದಳು. ಅವನ ಕೈ ಹಿಡಿದು ತಪ್ಪಾಯಿತು ಎಂದಳು. ಕೋಲಾರದ ಆ ದೊಡ್ಡ ಮನುಷ್ಯ "ನಿಮ್ಗೇನ್ ಗೊತ್ತಿತ್ತಮ್ಮಾ? ಬಿಡಿ, ಅಳ್ಬ್ಯಾಡಿ" ಎಂದು ಅವಳನ್ನೇ ಸಮಾಧಾನ ಮಾಡಿದ. ಅದು ಇನ್ನೂ ನೋವಾಯಿತು.

ಬಿಳಿ ಪಿಕಪ್ ದಿನವೂ ಬೆಳಿಗ್ಗೆ ಹೋಗುತ್ತಿತ್ತು, ಮಧ್ಯಾಹ್ನ ಬರುತ್ತಿತ್ತು. ಫಾರ್ಮಸಿಯ ಮುಂದೆ ನಿಧಾನ ಕೂಡ ಆಗುತ್ತಿರಲಿಲ್ಲ. ಶುಕ್ರವಾರ ವ್ಯಾನಿಗೆ ಬೇರೆ ಡ್ರೈವರ್. ಅವಳು ಮಾಡಿದ ಫೋನನ್ನು ಅವನು ಎತ್ತಲಿಲ್ಲ. 'ಬೇಡದಿದ್ದರೆ ಬೇಡ! ನನಗೂ ಬೇಡ!' ಎಂದುಕೊಳ್ಳುವಳು. ಎಂದುಕೊಂಡ ಮರುಕ್ಷಣ ರಸ್ತೆಯ ಕಡೆ ನೋಡುವಳು.

*

ಜುಲೈ ಕೊನೆಯಲ್ಲಿ ಮುನಿಸ್ವಾಮಿ ತಾನೇ ನಡೆದುಕೊಂಡು ಫಾರ್ಮಸಿಗೆ ಬಂದ. ಸಂಜೆಯ ಹೊತ್ತು. ಬಕಾಲಾದಿಂದ ಅಬ್ದುಲ್ ನಾಸಿರ್ ಕೂಡ ಚಹಾ ಹಿಡಿದು ಬಂದು ಪಕ್ಕದಲ್ಲಿ ನಿಂತ.

"ಅಮ್ಮಾ, ವಿಷ್ಯ ಗೊತ್ತಾಯ್ತಾ? ನಮ್ ಕ್ಯಾಲ್ವಿನ್ನಪ್ಪ ನಾಳೆ ಬೆಳಿಗ್ಗೆ ಅಬ್ದಲಿಗೆ ಹೊಂಟವ್ರೆ. ಅಲ್ಲಿನ ತೋಟಕ್ಕೆ. ಅವ್ರೇ ಕಫೀಲ್ ಹತ್ರ ಹೋಗಿ ಕೇಳ್ಕೊಂಡ್ರಂತೆ."

ಅಬ್ದಲಿ! ಇರಾಕ್ ಗಡಿ! ವಫ್ರಾ ಕುವೈತಿನ ಈ ತುದಿಯಾದರೆ ಅದು ಆ ತುದಿ. ಅಲ್ಲಿಗೆ ಹೋದವನು ಮತ್ತೆ ಈ ರಸ್ತೆಯಲ್ಲಿ ಬರುವುದುಂಟೇ?

ಅವಳ ಕೈಕಾಲು ತಣ್ಣಗಾಯಿತು. ಬಾಯಿ ಮಾತ್ರ ಬಿಸಿಯಾಗೇ ಇತ್ತು.

"ಹೋಗಲಿ! ಹೆಣ್ಣಿನ ಮೇಲೆ ಬೆಟ್ ಕಟ್ಟುವವನು ಎಲ್ಲಿಗೆ ಹೋದ್ರೆ ನನಗೆಂತ?"

"ಬೆಟ್ಟಾ?" ಅಬ್ದುಲ್ ನಾಸಿರ್ ಚಹಾದ ಕಪ್ಪನ್ನು ಕೆಳಗಿಟ್ಟ. "ಯಾವ ಬೆಟ್ ಮೇಡಂ?"

"ನೀವೇ ಹೇಳಿದ್ದಲ್ವಾ! 'ಒಂದು ಹಾರ್ನ್ ಹೊಡೆದ್ರೆ ವೆಲಿಟಾ ಓಡಿ ಬರ್ತಾಳೆ' ಅಂದ, ಬೆಟ್ ಕಟ್ತೀಯಾ ಅಂತ ನೀವು ಕೇಳಿದ್ರಿ…"

"ಹೌದು, ನಾನು ಕೇಳಿದೆ. ಅವನು ಕಟ್ಲಿಲ್ಲ! 'ಬೆಟ್ ಇಲ್ಲ ನಾಸಿರ್ ಭಾಯಿ, ಯಾಕೆಂದ್ರೆ ನಾನು ಹೊಡೆಯುದೇ ಇಲ್ಲ. ಅವಳ ಪಪ್ಪ ಓಡಿದ್ದೇ ಸಾಕು' ಅಂದ. 'ಎಂದಾದ್ರೂ ನಾನು ಹಾರ್ನ್ ಹೊಡೆದ್ರೆ, ನನಗೆ ಇಳಿಯಲಿಕ್ಕೇ ಆಗದ ಕಷ್ಟ ಬಂದಿದೆ ಅಂತ ಅವಳಿಗೆ ಗೊತ್ತಾಗ್ತದೆ. ಅದಕ್ಕೇ ಓಡಿ ಬರ್ತಾಳೆ' ಅಂದ. ಅಷ್ಟು ನಂಬಿಕೆ ಮೇಡಂ ಅವನಿಗೆ ನಿಮ್ಮ ಮೇಲೆ!"

ವೆಲಿಟಾ ಕೌಂಟರಿನ ಅಂಚು ಹಿಡಿದಳು.

"ಪೂರ್ತಿ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಅವಳು ಕಿರುಚಿದಳು. "ಅರ್ಧ ಹೇಳಿ ಹೋದ್ರಲ್ಲಾ! ಅರ್ಧ!"

ಅಬ್ದುಲ್ ನಾಸಿರ್ ಕೈ ಕೈ ಹಿಸುಕಿಕೊಂಡ.

"ಹಾರ್ನ್ ಬಂತಲ್ಲ ಮಾರಾಯ್ತಿ… ಓಡಿದೆ."

ಯಾರಿಗೆ ಬೈಯಬೇಕು ಹೇಳಿ? ಓಡಿದವನಿಗಾ, ಓಡಿಸಿದವನಿಗಾ, ಪೂರ್ತಿ ಕೇಳದೆ ಕೈಕಟ್ಟಿ ನಿಂತ ತನಗಾ? ವೆಲಿಟಾ ಬಿಳಿ ಕೋಟನ್ನು ಕಳಚಿ ಕುರ್ಚಿಯ ಮೇಲೆ ಎಸೆದಳು.

"ನಿಮ್ಮ ಗಾಡಿ ತೆಗೀರಿ."

"ಈಗಲಾ? ಅಂಗಡಿ…"

"ಅಂಗಡಿ ಮುನಿಸ್ವಾಮಿ ನೋಡ್ತಾರೆ. ಯಲ್ಲಾ!"

*

ತೋಟದ ಕಬ್ಬಿಣದ ಗೇಟು ಒಳಗಿನಿಂದ ಹಾಕಿತ್ತು. ಬೆಲ್ ಇಲ್ಲ. ಕೆಲಸಗಾರರ ಮನೆಗಳು ಗ್ರೀನ್‌ಹೌಸುಗಳ ಆಚೆ, ದೂರ. ನೀರಿನ ಪಂಪು ಗುಡುಗುಟ್ಟುತ್ತಿತ್ತು. ವೆಲಿಟಾ ಇಳಿದು ಗೇಟು ಬಡಿದಳು. ಕೂಗಿದಳು. ಫೋನ್ ಮಾಡಿದಳು. ಅವನು ಎತ್ತಲಿಲ್ಲ.

"ಹೀಗೆಲ್ಲ ಕೇಳುದಿಲ್ಲ ಮೇಡಂ," ಅಬ್ದುಲ್ ನಾಸಿರ್ ಮೆಲ್ಲಗೆ ಹೇಳಿದ. "ಹಾರ್ನೇ ಹೊಡೀಬೇಕು. ನಾನು ಹೊಡೀಲಾ?"

ಅವಳು ಗಾಡಿಗೆ ಬಂದು ಕೂತಳು. ಸ್ಟೀರಿಂಗ್ ಕಡೆ ನೋಡಿದಳು.

'ಪಪ್ಪಾ… ಕ್ಷಮಿಸಿ. ಇದೊಂದು ಸಲ.'

"ಬೇಡ. ನಾನೇ."

ಕೈ ಚಾಚಿ ಒತ್ತಿದಳು. ಪೀಂ! ಮೊದಲು ಹೆದರುತ್ತಾ. ಆಮೇಲೆ ತಿಂಗಳ ಕೋಪವೆಲ್ಲ ಅಂಗೈಗೆ ಬಂತು. ಅವನ ಮೇಲಿನ ಕೋಪ, ಅಬ್ದಲಿಯ ಮೇಲಿನ ಕೋಪ, ಬೆಂದೂರಿನ ಬಂಗಲೆಯವರ ಮೇಲಿನ ಕೋಪ, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲಿನ ಕೋಪ! ಪೀಈಈಈಈಈಂ! ಒಳಗೆ ಆಡುಗಳು ಬೆದರಿ ಓಡಿದವು.

"ಸಾಕು ಮಾರಾಯ್ತಿ, ಹಾರ್ನ್ ಒಡೆದು ಹೋಗ್ತದೆ!"

ಟೊಮೆಟೊ ಸಾಲಿನ ನಡುವಿನಿಂದ ಯಾರೋ ಓಡಿ ಬರುತ್ತಿದ್ದರು. ಬರಿಗಾಲು. ಕ್ಯಾಲ್ವಿನ್!

ಏದುಸಿರು ಬಿಡುತ್ತಾ ಬಂದವನು ಎಡಗೈಯಲ್ಲಿ ಚಿಲಕ ಎಳೆದು ಗೇಟು ತೆಗೆದ. ಬಲಗೈ ಬೆನ್ನ ಹಿಂದೆ ಇತ್ತು.

ವೆಲಿಟಾ ಹಾರ್ನಿನಿಂದ ಕೈ ತೆಗೆದಳು.

ಬೆಳಗಿನ ಜಾವವೇ ಕೆಲಸಕ್ಕೆ ಏಳುವವರು, ಸಂಜೆಗೇ ಊಟಕ್ಕೆ ಕೂರುತ್ತಾರೆ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದಳು. ಗಾಡಿಯಿಂದ ಇಳಿದಳು. ನೇರ ಅವನ ಹತ್ತಿರ ಹೋಗಿ ಆ ಕೈಯನ್ನು ಹಿಡಿದು ಮುಂದಕ್ಕೆ ಎಳೆದಳು. ಬೆರಳುಗಳ ತುಂಬ ಅನ್ನ, ಸಾರು.

"ಊಟ ಮಾಡ್ತಿದ್ದೆಯಾ?"

"ಹೂಂ."

"ಕೈ ತೊಳೆಯದೆ ಯಾಕೆ ಓಡಿ ಬಂದೆ? ಬುದ್ಧಿ ಇಲ್ವಾ ನಿನಗೆ? ಯಾಕೆ ಓಡಿದೆ, ಹೇಳು!" ಅವಳು ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಿದ್ದಳು.

"ಹಾರ್ನ್ ನಿನ್ನದು ಅಂತ ಗೊತ್ತಾಯ್ತು."

"ಹೇಗೆ?"

"ಇಷ್ಟು ಕೋಪದಲ್ಲಿ ಹೊಡೆಯುವವರು ವಫ್ರಾದಲ್ಲಿ ಇನ್ಯಾರಿದ್ದಾರೆ?" ಅವನ ದನಿ ಒಡೆಯಿತು. "ನೀನು ಹಾರ್ನ್ ಹೊಡೀತಿದ್ದೀ ಅಂದ್ರೆ… ನಿನಗೆ ಏನೋ ಆಗಿದೆ ಅಂದ್ಕೊಂಡೆ. ಕೈ ತೊಳೆಯುವಷ್ಟು ಹೊತ್ತು ಎಲ್ಲಿ ಇರ್ತದೆ?"

ಅವಳು ಹಾರ್ನ್ ಕೇಳಿ ಕೈಕಟ್ಟಿ ನಿಂತವಳು. ಅವನು ಹಾರ್ನ್ ಕೇಳಿ ಊಟ ಬಿಟ್ಟು ಓಡಿ ಬಂದವನು. ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೇ?

"ನನ್ನದು ತಪ್ಪು," ಎಂದಳು. "ನಾಸಿರ್ ಭಾಯಿ ಅರ್ಧ ಹೇಳಿದ್ರು, ಉಳಿದರ್ಧವನ್ನು ನಿನ್ನ ಹತ್ರ ಕೇಳ್ಬೇಕಿತ್ತು. ಕೇಳ್ಲಿಲ್ಲ. ನೀನು ಅಂಥವನು ಅಂತ ನಂಬಿಬಿಟ್ಟೆ."

"ನಾನೂ ಹೇಳ್ಬಹುದಿತ್ತು. ಹೇಳ್ಲಿಲ್ಲ. ಕೋಪ ಬಂತು."

"ಕೋಪ ಬಂದ್ರೆ ಅಬ್ದಲಿಗೆ ಹೋಗುದಾ? ಅಷ್ಟು ದೂರ?"

"ಹತ್ತಿರ ಇದ್ರೆ ದಿನಾ ನಿನ್ನ ಅಂಗಡಿ ಮುಂದೆ ಹೋಗ್ಬೇಕಲ್ಲ. ಇಳಿಯದೆ ಹೋಗುದು ಎಷ್ಟು ಕಷ್ಟ ಗೊತ್ತುಂಟಾ?"

"ಹಾಗಾದ್ರೆ ನಾಳೆ ಕಫೀಲ್ ಹತ್ರ ಹೋಗಿ ಬೇಡ ಅಂತ ಹೇಳು."

"ಬೈತಾನೆ."

"ಬೈಯಲಿ. ಬೈಸಿಕೊಂಡು ಅಭ್ಯಾಸ ಉಂಟಲ್ಲ ನಿನಗೆ." ಅವಳು ಮೂಗೊರೆಸಿಕೊಂಡಳು. "ಇನ್ನು ಮುಂದೆಯೂ ಬೇಕಾದಷ್ಟು ಬೈಸಿಕೊಳ್ಳಲಿಕ್ಕುಂಟು. ಜೀವಮಾನ ಪೂರ್ತಿ. ನಿನಗೆ… ನಿನಗೆ ಒಪ್ಪಿಗೆ ಇದ್ರೆ."

ಕ್ಯಾಲ್ವಿನ್ ಅವಳ ಮುಖವನ್ನೇ ನೋಡಿದ. ಅವಳೂ ಕಣ್ಣು ತೆಗೆಯಲಿಲ್ಲ. ಗೇಟು ತೆಗೆದವನ ಮುಖವನ್ನು ಅವಳು ಕಣ್ತುಂಬ ನೋಡುತ್ತಿದ್ದಳು.

"ಇದ್ಯಾವ ರೀತಿ ಕೇಳುದು ಮಾರಾಯ್ತಿ? ಇದೂ ಜಗಳದ ಹಾಗೇ ಉಂಟು!"

"ಒಪ್ಪಿಗೆ ಉಂಟಾ ಇಲ್ವಾ?"

"ಉಂಟು! ಉಂಟು! ಆ ಮೊದಲ ದಿನದಿಂದ ಉಂಟು!"

ಮನೆಯ ಜಗಲಿಯ ಮೇಲೆ ಅವನ ತಟ್ಟೆ ಹಾಗೇ ಇತ್ತು. ಅರ್ಧ ಉಂಡ ಅನ್ನ, ಬಂಗುಡೆ ಸಾರು. ವೆಲಿಟಾ ಅವನನ್ನು ತಟ್ಟೆಯ ಮುಂದೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

ಗೇಟಿನ ಕಡೆಯಿಂದ ಕೇಳಿತು: ಪೀಂ! ಪೀಂ! ಅಬ್ದುಲ್ ನಾಸಿರ್‌ಗೆ ಅಂಗಡಿಯ ಚಿಂತೆ ಹತ್ತಿತ್ತು.

ಕ್ಯಾಲ್ವಿನ್ ಅಭ್ಯಾಸಬಲದಿಂದ ಅರ್ಧ ಎದ್ದ. ಅವಳು ಅವನ ಷರ್ಟಿನ ತುದಿಯನ್ನು ಹಿಡಿದು ಕೆಳಗೆ ಎಳೆದಳು.

"ಕೂತ್ಕೋ."

"ನಾಸಿರ್ ಭಾಯಿ ಕರೀತಿದ್ದಾರೆ…"

"ಕರೀಲಿ. ಊಟ ಮುಗಿಯುವವರೆಗೆ ಏಳುವ ಹಾಗಿಲ್ಲ."

ಹಾರ್ನ್ ಮತ್ತೊಮ್ಮೆ ಕೂಗಿತು. ಯಾರೂ ಓಡಲಿಲ್ಲ.

"ಸಾರು ತಣ್ಣಗಾಯ್ತು," ಎಂದ ಅವನು.

"ಬಿಸಿ ಮಾಡಿ ತರ್ಲಾ?"

"ಬೇಡ. ನೀನು ಇಲ್ಲೇ ಕೂತಿರು."

ಅವಳು ಷರ್ಟಿನ ತುದಿ ಬಿಡಲಿಲ್ಲ. ಇಷ್ಟು ದಿನ ಹಿಡಿದಿಟ್ಟುಕೊಂಡಿದ್ದ ಹಠವನ್ನು ಬಿಟ್ಟಳು. ಮೊದಲ ಸಲ ಅವನ ಜೊತೆ ಕೊಂಕಣಿಯಲ್ಲಿ, ಅವಳ ಪಪ್ಪನಿಗೆ ಎಂದೂ ಹೇಳಲಾಗದ ಒಂದು ಮಾತನ್ನು ಹೇಳಿದಳು.

"ಜೇವ್, ಮೊಗಾ." ಉಣ್ಣು, ನನ್ನ ಪ್ರೀತಿಯೇ.

ಕ್ಯಾಲ್ವಿನ್ ತುತ್ತು ಕಲಸಿದ. ಮೊದಲನೆಯದನ್ನು ಅವಳ ಬಾಯಿಗೆ ಹಿಡಿದ.

"ತುಂಯ್ ಜೇವ್." ನೀನೂ ಉಣ್ಣು.